ಎರವಲು ಗ್ರಂಥ ಮತ್ತು ಪ್ರತಿಯ ಒಡೆತನ

ಗ್ರಂಥವನ್ನು ಎರವಲು ಕೊಡುವ ಕ್ರಿಯೆಗೆ ಮೂರು ಲಕ್ಷಣಗಳುಂಟು. ಕೊಡುವವನಲ್ಲಿ ಗ್ರಂಥದ ಪ್ರತಿಯೊಂದು ಸ್ವಂತವಾಗಿ ಇರಬೇಕು. ಕೊಟ್ಟಷ್ಟು ಕಾಲ ಅದು ಅವನ ಕೈಯಲ್ಲಿ ಇರದು. ಅವಧಿ ತೀರಿದ ಮೇಲೆ ಅದು ಅವನಲ್ಲಿಗೆ ಮರಳಬೇಕು. ಓಲೆಗರಿಯ ಕಟ್ಟಿಗೂ ಅಚ್ಚಾದ ಪುಸ್ತಕಕ್ಕೂ ಈ ಲಕ್ಷಣಗಳು ವಸ್ತುಸ್ವಭಾವದಿಂದಲೇ ಒದಗುತ್ತವೆ. ಇಂದು ಸಾರ್ವಜನಿಕ ಗ್ರಂಥಾಲಯಗಳು ಗಣಕಯಂತ್ರದ ಮೂಲಕ ಎರವಲು ಕೊಡುತ್ತಿರುವ ಡಿಜಿಟಲ್ ಪುಸ್ತಕಕ್ಕೆ ಇವುಗಳಲ್ಲಿ ಒಂದೂ ಸಹಜವಾದುದಲ್ಲ. ಎರಡನೆಯದನ್ನೂ ಮೂರನೆಯದನ್ನೂ ಯಂತ್ರದ ನಿಯಮದಿಂದ ಕೃತಕವಾಗಿ ಉಂಟುಮಾಡಲಾಗಿದೆ. ಮೊದಲನೆಯದು, ಅಂದರೆ ಪ್ರತಿಯ ಒಡೆತನವು, ಬಹುಮಟ್ಟಿಗೆ ಕೈಬಿಟ್ಟುಹೋಗಿದೆ. ಈ ಬದಲಾವಣೆ ನಡೆದುಬಂದ ಬಗೆಯನ್ನು ಅರಿಯುವುದು ಹಸ್ತಪ್ರತಿಗಳ ಸಂರಕ್ಷಣೆಯಲ್ಲಿ ತೊಡಗಿದವರಿಗೂ ಅಗತ್ಯವಾದುದೇ.

ಪ್ರತಿಯೊಂದೇ ಇದ್ದಾಗ ಗ್ರಂಥಕ್ಕೆ ಒದಗುವ ಗತಿ ವಿದ್ವಾಂಸರಿಗೆ ವಿದಿತವಾದುದು. ಮೂಡಬಿದ್ರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಟೀಕೆಯ ಮೊದಲ ಸಂಪುಟವನ್ನು ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದಾಗ, ಮೂಲದ ಓಲೆಗರಿಗಳು ಕೈಗೆ ದೊರೆಯದೆ, ಪ್ರತಿಯ ಪ್ರತಿಗಳನ್ನೇ ಆಧರಿಸಬೇಕಾಯಿತು. ಇದಕ್ಕೆ ಪ್ರತಿಯಾಗಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ದಾನಮಾಡಿದಳೆಂಬ ಅತ್ತಿಮಬ್ಬೆಯ ಕೀರ್ತಿ ಪ್ರಸಿದ್ಧವಾಗಿದೆ. ಶಾಸ್ತ್ರದಾನದಲ್ಲಿ ಪಡೆದವನು ಪ್ರತಿಯ ಒಡೆಯನಾಗುತ್ತಿದ್ದನು; ಅದರಿಂದ ಮತ್ತೊಂದು ಪ್ರತಿ ಮಾಡಿಸಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ.

ಡಿಜಿಟಲ್ ಪುಸ್ತಕದ ಆರಂಭವೂ ದಾನದ ರೂಪದಲ್ಲಿಯೇ ಆಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಹಾರ್ಟ್ ಎಂಬಾತನು 1971ರ ಜುಲೈ 4ರಂದು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿ ಸರ್ವರಿಗೂ ಒದಗಿಸಿದನು. ಗುಟೆನ್‌ಬರ್ಗ್ ಯೋಜನೆಯೆಂದು ಮುಂದೆ ಹೆಸರಾದ ಆ ಕಾರ್ಯದಲ್ಲಿ ಹಿಂದಿರುಗಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ಕೃತಿಸ್ವಾಮ್ಯದ ಅವಧಿ ತೀರಿದ ಗ್ರಂಥಗಳಿಗೆ ಮಾತ್ರ ಈ ಮಾರ್ಗ ಸಲ್ಲುತ್ತಿತ್ತು. ಹೊಸ ಪುಸ್ತಕಗಳ ವಿಷಯದಲ್ಲಿ ಬೇರೊಂದು ವ್ಯವಸ್ಥೆ ಬೇಕಾಯಿತು. 2003ರಲ್ಲಿ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಸಾರ್ವಜನಿಕ ಗ್ರಂಥಾಲಯವು ಓವರ್‌ಡ್ರೈವ್ ಸಂಸ್ಥೆಯ ನೆರವಿನಿಂದ ಅಂತಹ ಎರವಲನ್ನು ಆರಂಭಿಸಿತು.

ಇದರ ಕ್ರಮ ಸರಳವಾದುದು. ಓದುಗನು ತನ್ನ ಗ್ರಂಥಾಲಯದ ಸದಸ್ಯ ಸಂಖ್ಯೆಯನ್ನು ನಮೂದಿಸಿ ಪುಸ್ತಕವನ್ನು ಆರಿಸುತ್ತಾನೆ. ಸಾಮಾನ್ಯವಾಗಿ ಏಳು, ಹದಿನಾಲ್ಕು ಅಥವಾ ಇಪ್ಪತ್ತೊಂದು ದಿನಗಳವರೆಗೆ ಅದು ತೆರೆಯುತ್ತದೆ. ಬಳಿಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತಡವಾದುದಕ್ಕೆ ದಂಡವಿಲ್ಲ, ಏಕೆಂದರೆ ತಡಮಾಡಲು ಅವಕಾಶವೇ ಇಲ್ಲ. ಒಂದು ಪ್ರತಿಗೆ ಪರವಾನಗಿ ಪಡೆದಿದ್ದರೆ ಒಮ್ಮೆಗೆ ಒಬ್ಬನೇ ಓದಬಹುದು. ಉಳಿದವರು ಸರದಿಯಲ್ಲಿ ಕಾಯಬೇಕು. ಎಷ್ಟು ಬೇಕಾದರೂ ಪ್ರತಿಯಾಗಬಲ್ಲ ವಸ್ತುವಿಗೆ ಸರದಿಯನ್ನು ಏರ್ಪಡಿಸಿರುವುದು ಓದುಗರಿಗೆ ವಿಚಿತ್ರವಾಗಿ ತೋರುವುದು ಸಹಜ.

ಮನೆಯಲ್ಲಿ ಯಂತ್ರವಿಲ್ಲದವರಿಗೆ ಗ್ರಂಥಾಲಯದ ಗಣಕಯಂತ್ರವೇ ಗತಿ. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯಿದೆಯಿಂದ ಗ್ರಂಥಾಲಯಗಳಿಗೆ ಅಂತರಜಾಲದ ಸಂಪರ್ಕವು ರಿಯಾಯಿತಿ ದರದಲ್ಲಿ ದೊರೆಯಿತು. 1997ರಿಂದ ಗೇಟ್ಸ್ ದಂಪತಿಗಳ ಧರ್ಮದತ್ತಿಯು ಯಂತ್ರಗಳನ್ನು ಒದಗಿಸಲಾರಂಭಿಸಿತು. ಅಲ್ಲಿ ಹೊತ್ತು ಗೊತ್ತುಪಡಿಸಿ ಕೂರಿಸುವುದುಂಟು. ಒಬ್ಬನು ಎದ್ದ ಮೇಲೆ ಅವನು ಓದಿದುದರ ಗುರುತುಗಳನ್ನು ಅಳಿಸಿ ಮುಂದಿನವನಿಗೆ ಸ್ಥಳ ಬಿಡುತ್ತಾರೆ. ಪುಸ್ತಕವನ್ನು ತೆರೆಯ ಮೇಲೆಯೇ ಓದಬೇಕಲ್ಲದೆ ಕೊಂಡೊಯ್ಯಲು ಸಾಮಾನ್ಯವಾಗಿ ಆಗದು. ಶಾಸ್ತ್ರಭಂಡಾರದ ಮೇಲ್ವಿಚಾರಕರ ಎದುರಿನಲ್ಲಿ ಕುಳಿತು ಕಟ್ಟು ಬಿಚ್ಚಿ ಓದಿ, ಮತ್ತೆ ಕಟ್ಟಿಕೊಟ್ಟು ಬರುತ್ತಿದ್ದ ಪಂಡಿತರಿಗೆ ಈ ರೀತಿ ಅಪರಿಚಿತವೆನಿಸದು. ಆದರೆ ಪಂಡಿತರು ಬರುವಾಗ ಅಷ್ಟಿಷ್ಟು ಬರೆದುಕೊಂಡು ಬರುತ್ತಿದ್ದರು.

ಇಷ್ಟರವರೆಗೆ ತೊಡಕು ಓದುಗನದು. ಇನ್ನು ಗ್ರಂಥಾಲಯದ ತೊಡಕನ್ನು ನೋಡಬೇಕು. 1908ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬಾಬ್ಸ್-ಮೆರಿಲ್ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಪುಸ್ತಕವನ್ನು ಕೊಂಡವನು ಇಂತಿಷ್ಟೇ ಬೆಲೆಗೆ ಮರುಮಾರಾಟ ಮಾಡಬೇಕೆಂದು ವಿಧಿಸುವ ಹಕ್ಕು ಪ್ರಕಾಶಕನಿಗಿಲ್ಲವೆಂದು ತೀರ್ಪಿತ್ತಿತು. ಮಾರಾಟದಿಂದ ಆ ಪ್ರತಿಯ ಮೇಲಿನ ಹಿಡಿತ ತೀರುತ್ತದೆಂಬ ಈ ತತ್ತ್ವವೇ ಅಲ್ಲಿಯ ಗ್ರಂಥಾಲಯಗಳ ಎರವಲಿಗೆ ಆಧಾರ. ಡಿಜಿಟಲ್ ಪುಸ್ತಕವನ್ನಾದರೋ ಪ್ರಕಾಶಕರು ಗ್ರಂಥಾಲಯಕ್ಕೆ ಸಾಮಾನ್ಯವಾಗಿ ಮಾರುವುದೇ ಇಲ್ಲ. ಕರಾರಿನ ಮೇಲೆ ಪರವಾನಗಿ ಕೊಡುತ್ತಾರೆ. ಒಡೆತನವಿಲ್ಲದ ಕಡೆ ಆ ತತ್ತ್ವಕ್ಕೆ ಆಸ್ಪದವಿಲ್ಲ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆಯು ತನ್ನ ಡಿಜಿಟಲ್ ಪುಸ್ತಕವನ್ನು 26 ಬಾರಿ ಎರವಲು ಕೊಟ್ಟ ಮೇಲೆ ಪರವಾನಗಿ ತೀರುವುದೆಂದು ಸಾರಿತು. ಎರಡೆರಡು ವಾರದಂತೆ ಲೆಕ್ಕ ಹಾಕಿದರೆ ಅದರ ಆಯುಷ್ಯ ಸರಿಸುಮಾರು ಒಂದು ವರ್ಷ. ಕಾಗದದ ಪುಸ್ತಕ ಸವೆದುಹೋಗುತ್ತದೆ, ಗ್ರಂಥಾಲಯ ಮತ್ತೆ ಕೊಳ್ಳುತ್ತದೆ, ಇದೂ ಹಾಗೆಯೇ ಎಂಬುದು ಅದರ ಸಮರ್ಥನೆ. ಸವೆಯದ ಪ್ರತಿಯಿಂದ ಗ್ರಂಥಕರ್ತರ ಆದಾಯ ಕುಗ್ಗುವುದೆಂಬ ಭಯವನ್ನು ನಿರಾಧಾರವೆಂದು ತಳ್ಳಿಹಾಕಲಾಗದು. ಆದರೂ ಹುಳು ತಿನ್ನಲಾಗದ ಗ್ರಂಥಕ್ಕೆ ಹುಳುವನ್ನು ಕರಾರಿನಲ್ಲಿ ಬರೆದಿಟ್ಟಂತಾಯಿತು. ಎಷ್ಟೋ ಭಂಡಾರಗಳಲ್ಲಿ ಅಂಚು ಮುರಿದ ಗರಿಗಳನ್ನು ಜೋಡಿಸುತ್ತ ಆಯುಷ್ಯ ಕಳೆದವರಿಗೆ ಇದು ನಗುವ ಮಾತಲ್ಲ.

ಕರಾರಿನಿಂದ ಬಂದುದು ಕರಾರಿನಿಂದಲೇ ಹೋಗಬಹುದು. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿನ ತೊಡಕಿನಿಂದಾಗಿ ಜಾರ್ಜ್ ಆರ್ವೆಲ್‌ನ ಕೃತಿಗಳನ್ನು, ಅವನ್ನು ಹಣ ತೆತ್ತು ಪಡೆದಿದ್ದ ಓದುಗರ ಕಿಂಡಲ್ ಯಂತ್ರಗಳಿಂದಲೇ ದೂರದಿಂದ ಅಳಿಸಿಹಾಕಿತು. ಅವುಗಳಲ್ಲಿ ಒಂದರ ಹೆಸರು ‘1984’ ಎಂಬುದನ್ನು ಆಗ ಹಲವರು ಎತ್ತಿ ಆಡಿದರು.

ಒಡೆತನವನ್ನು ಮರಳಿ ಸ್ಥಾಪಿಸುವ ಯತ್ನವೂ ನಡೆಯಿತು. ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಅಚ್ಚಾದ ಪುಸ್ತಕವನ್ನು ತಾನೇ ಪಡೆದು, ಪುಟಗಳ ಚಿತ್ರ ತೆಗೆದು, ಕಾಗದದ ಪ್ರತಿಯನ್ನು ಉಗ್ರಾಣದಲ್ಲಿಟ್ಟು, ಅದರ ಬದಲಿಗೆ ಒಂದು ಡಿಜಿಟಲ್ ಪ್ರತಿಯನ್ನು ಒಮ್ಮೆಗೆ ಒಬ್ಬನಿಗೆ ಎರವಲು ಕೊಡುವ ಕ್ರಮವನ್ನು ಅನುಸರಿಸಿತು. 2020ರ ಮಾರ್ಚ್‌ನಲ್ಲಿ, ರೋಗದ ಭಯದಿಂದ ಗ್ರಂಥಾಲಯಗಳು ಮುಚ್ಚಿದಾಗ, ಒಬ್ಬನಿಗೊಂದೇ ಎಂಬ ನಿರ್ಬಂಧವನ್ನು ಅದು ತಾತ್ಕಾಲಿಕವಾಗಿ ಸಡಿಲಿಸಿತು. ಸದುದ್ದೇಶದಿಂದಲೇ ಆದರೂ ಇದು ದುಡುಕು. ತನ್ನ ವಾದದ ಬಲವೇ ಆ ನಿರ್ಬಂಧದಲ್ಲಿತ್ತು. ಜೂನ್ 1ರಂದು ನಾಲ್ವರು ದೊಡ್ಡ ಪ್ರಕಾಶಕರು ದಾವೆ ಹೂಡಿದರು. 2023ರ ಮಾರ್ಚ್ 24ರಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೂ 2024ರ ಸೆಪ್ಟೆಂಬರ್ 4ರಂದು ಮೇಲ್ಮನವಿ ನ್ಯಾಯಾಲಯವೂ, ಸಡಿಲಿಕೆಯನ್ನು ಮಾತ್ರವಲ್ಲದೆ ಮೂಲ ಕ್ರಮವನ್ನೇ ನ್ಯಾಯಸಮ್ಮತವಲ್ಲವೆಂದು ಹೇಳಿದವು. ಐದು ಲಕ್ಷಕ್ಕೂ ಮಿಕ್ಕ ಪುಸ್ತಕಗಳು ಎರವಲಿನಿಂದ ಹೊರಗಾದವು. ಯುರೋಪಿನ ಉಚ್ಚ ನ್ಯಾಯಾಲಯವು 2016ರ ನವೆಂಬರ್ 10ರಂದು ಡಚ್ ಗ್ರಂಥಾಲಯಗಳ ಮೊಕದ್ದಮೆಯಲ್ಲಿ, ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬನಿಗೆ ಕೊಡುವುದಾದರೆ ಡಿಜಿಟಲ್ ಪುಸ್ತಕದ ಎರವಲೂ ಕೆಲವು ಷರತ್ತುಗಳ ಮೇಲೆ ಎರವಲೇ ಎಂದು ಹೇಳಿದ್ದುದನ್ನು ಇದರೊಡನೆ ಹೋಲಿಸಬಹುದು.

ಈ ವಿವಾದವು ಕನ್ನಡಕ್ಕೆ ದೂರದ್ದೆಂದು ಭಾವಿಸಲಾಗದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಪ್ರೇರಣೆಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ನಡೆದ ಭಾರತೀಯ ಡಿಜಿಟಲ್ ಗ್ರಂಥಾಲಯದ ಯೋಜನೆಯು ಇತರ ಭಾಷೆಗಳ ಗ್ರಂಥಗಳೊಡನೆ ಅಪಾರ ಸಂಖ್ಯೆಯ ಕನ್ನಡ ಗ್ರಂಥಗಳ ಪುಟಚಿತ್ರಗಳನ್ನು ಸಿದ್ಧಪಡಿಸಿತು. ಪುಟಗಳು ಬಿಟ್ಟುಹೋದುದು, ಗ್ರಂಥದ ಹೆಸರು ವಿಕೃತವಾಗಿ ದಾಖಲಾದುದು ಮುಂತಾದ ದೋಷಗಳು ಅದರಲ್ಲಿ ಇವೆ. ಲೇಖಕಪ್ರಮಾದಗಳನ್ನು ತಿದ್ದುವ ಅಭ್ಯಾಸವುಳ್ಳವರು ಇವನ್ನೂ ಕ್ಷಮಿಸಬಲ್ಲರು. ಆ ಯೋಜನೆಯ ಮೂಲ ಜಾಲತಾಣ ನಿಂತುಹೋದ ಮೇಲೆ ಅದರ ಬಹುಭಾಗದ ಪ್ರತಿಗಳು ಉಳಿದುಬಂದಿರುವುದು, ಮೊಕದ್ದಮೆಯಲ್ಲಿ ಸೋತ ಅದೇ ಇಂಟರ್ನೆಟ್ ಆರ್ಕೈವ್‌ನಲ್ಲಿ. ಬಸದಿಯಿಂದ ಬಸದಿಗೆ ಪ್ರತಿ ಹರಡಿದ್ದರಿಂದಲೇ ಎಷ್ಟೋ ಪುರಾಣಗಳು ಉಳಿದುಬಂದಂತೆ ಇದೂ ಉಳಿಯಿತು.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿದೆ. ಕೊಂಡ ಪುಸ್ತಕಗಳ ಮಟ್ಟಿಗೆ ಭಾರತದ ಕಾಯಿದೆಯು ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣಕ್ಕೆ 2012ರಲ್ಲಿ ಆದ ತಿದ್ದುಪಡಿಯಂತೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಗ್ರಂಥವನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಬಹುದು. ಅದಕ್ಕೆ ವಿಧಿಸಿರುವ ಷರತ್ತು ಒಂದೇ: ಡಿಜಿಟಲ್ ಅಲ್ಲದ ಪ್ರತಿಯೊಂದು ಆ ಗ್ರಂಥಾಲಯದಲ್ಲಿ ಮೊದಲೇ ಇರಬೇಕು.