ಕನ್ನಡ ಜಿಲ್ಲೆಗಳ ಕಾಯಿದೆಗಳು: ಮುಂಬಯಿಯಲ್ಲಿನ ಜಾಡು
1956ರ ಅಕ್ಟೋಬರ್ ಕೊನೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯ ಶಾಸನಸಭೆಗೆ ಒಳಪಟ್ಟಿದ್ದವು. ದೇವದಾಸಿ ಪದ್ಧತಿಯ ಅಭ್ಯಾಸಿಗಳು ಕರ್ನಾಟಕದ 1982ರ ಕಾಯಿದೆಯಿಂದಲೇ ತೊಡಗಿದರೆ, ಈ ಜಿಲ್ಲೆಗಳಿಗೆ ಅನ್ವಯಿಸಿದ್ದ 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆಯೂ ಅದರೊಡನೆ ಅರ್ಧ ಶತಮಾನದ ಚರಿತ್ರೆಯೂ ತಪ್ಪಿಹೋಗುತ್ತವೆ. ಕಾಯಿದೆಯ ಪಾಠ ಎಲ್ಲಿಯಾದರೂ ದೊರೆತೀತು. ಅದರ ಹಿಂದಿನ ವಾದವಿವಾದವನ್ನು ಸಭೆಯ ನಡವಳಿಗಳಲ್ಲಿಯೇ ಅರಸಬೇಕು. ಓದುಗರು ಮುಂಬಯಿಯ ಗ್ರಂಥಪಾಲರಿಗೆ ವಿಷಯವನ್ನಷ್ಟೇ ಹೇಳದೆ ವರ್ಷವನ್ನೂ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ. ಮುಂಬಯಿ ಸರ್ಕಾರದ ಗೆಜೆಟ್ಟಿನಲ್ಲಿ ಮಸೂದೆಯ ದಿನಾಂಕವನ್ನು ಹಿಡಿದು ಅನಂತರ ನಡವಳಿಗಳಿಗೆ ಹೋಗುವುದು ಲೇಸು. ಇಲಾಖೆಯ ಕಡತಗಳಿಗೆ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ. ಇನ್ನೊಂದು ಗುರುತು: 1956ರ ತರುವಾಯದ ಕರ್ನಾಟಕದ ಕಾಯಿದೆಗಳಲ್ಲಿ ‘ಬೆಳಗಾವಿ ಪ್ರದೇಶ’ ಎಂದರೆ ಬೆಳಗಾವಿಯೊಂದೇ ಅಲ್ಲ, ಮುಂಬಯಿಯಿಂದ ಬಂದ ಈ ನಾಲ್ಕೂ ಜಿಲ್ಲೆಗಳು.