ಬೀಮನ್, ಬಾಬ್

ಬಾಬ್ ಬೀಮನ್ (ಜನನ 1946, ನ್ಯೂಯಾರ್ಕ್) ಅಮೆರಿಕದ ಉದ್ದಜಿಗಿತಗಾರ. 1968ರ ಅಕ್ಟೋಬರ್ 18ರಂದು ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ 8.90 ಮೀಟರ್ ಜಿಗಿದು, 8.35 ಮೀಟರಿನಲ್ಲಿ ನಿಂತಿದ್ದ ವಿಶ್ವದಾಖಲೆಯನ್ನು ಒಂದೇ ನೆಗೆತಕ್ಕೆ 55 ಸೆಂಟಿಮೀಟರ್ ಮುಂದೊಯ್ದವರು. ಅರ್ಹತಾ ಸುತ್ತಿನ ಮೊದಲೆರಡು ಯತ್ನಗಳು ಫೌಲ್ ಆಗಿ ಹೊರಬೀಳುವ ಅಂಚಿನಲ್ಲಿದ್ದರು. ಅಂತಿಮ ಸುತ್ತಿನ ಮೊದಲ ಜಿಗಿತಕ್ಕೆ ಮಾಪನ ಯಂತ್ರದ ವ್ಯಾಪ್ತಿಯೇ ಸಾಲದೆ ಅಧಿಕಾರಿಗಳು ಟೇಪು ಹಿಡಿಯಬೇಕಾಯಿತು.

ಇದು ಸ್ಥಳದ ಕೊಡುಗೆ ಎಂಬ ಆಕ್ಷೇಪವುಂಟು. 2,240 ಮೀಟರ್ ಎತ್ತರದ ತೆಳುಗಾಳಿ, ನಿಯಮದ ಗರಿಷ್ಠ ಮಿತಿಯಾದ ಸೆಕೆಂಡಿಗೆ 2 ಮೀಟರ್ ವೇಗದ ಹಿಂಗಾಳಿ ನೆರವಾದದ್ದು ನಿಜ; ಬಳಿಕ ಸುರಿದ ಮಳೆ ಉಳಿದವರನ್ನು ಕಾಡಿದ್ದೂ ನಿಜ. ಆದರೆ ತೆಳುಗಾಳಿ ಎಲ್ಲರಿಗೂ ಒಂದೇ. ಹಳೆಯ ದಾಖಲೆಯನ್ನು ಹಂಚಿಕೊಂಡಿದ್ದ ರಾಲ್ಫ್ ಬೋಸ್ಟನ್ ಮತ್ತು ಇಗೊರ್ ತೆರ್-ಒವನೇಸ್ಯಾನ್ ಮೂರು, ನಾಲ್ಕನೆಯವರಾದರು. ಎರಡನೆಯ ಕ್ಲೌಸ್ ಬೀರ್ ಜಿಗಿದದ್ದು 8.19 ಮೀಟರ್. 71 ಸೆಂಟಿಮೀಟರಿನ ಈ ಅಂತರವನ್ನು ಹವೆಯೊಂದೇ ವಿವರಿಸಲಾರದು. ಬೀಮನ್ ಮತ್ತೆಂದೂ ಅದರ ಹತ್ತಿರ ಸುಳಿಯಲಿಲ್ಲ ಎಂಬುದು ಇನ್ನೊಂದು ವಾದ. ದಾಖಲೆ ಅಳೆಯುವುದು ಸರಾಸರಿಯನ್ನಲ್ಲ, ತುದಿಯನ್ನು. ಹಾಗಾಗಿ ಈ ವಾದ ಅವರ ವೃತ್ತಿಜೀವನದ ಬಗ್ಗೆ ಸರಿ, ಜಿಗಿತದ ಬಗ್ಗೆ ಅಲ್ಲ. 1991ರಲ್ಲಿ ಟೋಕಿಯೊದಲ್ಲಿ ಮೈಕ್ ಪೊವೆಲ್ 8.95 ಮೀಟರ್ ಜಿಗಿಯುವವರೆಗೆ ವಿಶ್ವದಾಖಲೆ ಉಳಿಯಿತು. ಒಲಿಂಪಿಕ್ ದಾಖಲೆ 2024ರ ಪ್ಯಾರಿಸ್ ಕೂಟದ ನಂತರವೂ ಬೀಮನ್ ಹೆಸರಿನಲ್ಲಿದೆ.