ನರಗುಂದದ ಕ್ರೋಧ, ಗಜೇಂದ್ರಗಡದ ಸಂಧಿ

ಕಾಮ, ಕ್ರೋಧ, ಮೋಹ, ಅಭಿಮಾನಗಳು ಮನುಷ್ಯನೊಡನೆ ಹುಟ್ಟಿ ಬಂದ ಪ್ರವೃತ್ತಿಗಳು. ತಮ್ಮಷ್ಟಕ್ಕೆ ಅವು ಗುಣಗಳೂ ಅಲ್ಲ, ದೋಷಗಳೂ ಅಲ್ಲ. ವಿವೇಕವು ದಾರಿ ತೋರಿದಾಗ ಅವು ಸದ್ಗುಣಗಳಾಗಿ ಫಲಿಸುತ್ತವೆ. ವಿವೇಕ ತಪ್ಪಿದಾಗ ಅವೇ ಅರಿಷಡ್ವರ್ಗವೆನಿಸುತ್ತವೆ. ಇಂದ್ರಿಯಗಳನ್ನು ಬಲಾತ್ಕಾರದಿಂದ ದಂಡಿಸುವುದಕ್ಕಿಂತ ಅವನ್ನು ಲಿಂಗಮುಖವಾಗಿ ತಿರುಗಿಸುವುದೇ ಮೇಲೆಂದು ಶರಣರು ಕಂಡುಕೊಂಡುದು ಈ ಕಾರಣದಿಂದಲೇ. ಆದರೆ ವಿವೇಕವೇ ಬರಿಯ ಲೆಕ್ಕಾಚಾರವಾಗಿ ಪರಿಣಮಿಸಿದರೆ ಗತಿಯೇನು? ರೋಣ, ನರಗುಂದ, ಗಜೇಂದ್ರಗಡಗಳ ಎರೆನೆಲದ ಇತಿಹಾಸವು ಈ ಪ್ರಶ್ನೆಗೆ ಎರಡು ನಿದರ್ಶನಗಳನ್ನು ಒದಗಿಸುತ್ತದೆ.

ಮೊದಲನೆಯದು ಹದಿನೆಂಟನೆಯ ಶತಮಾನದ್ದು. ಟಿಪ್ಪು ಸುಲ್ತಾನನು ಕೇಳಿದ ಹೆಚ್ಚಿನ ಕಪ್ಪವನ್ನು ಕೊಡಲು ನರಗುಂದದ ವೆಂಕಟರಾವ್ ಒಪ್ಪಲಿಲ್ಲ. ಒಬ್ಬನ ಆಸೆಗೆ ಇನ್ನೊಬ್ಬನ ಅಭಿಮಾನ ಎದುರಾಯಿತು. 1785ರಲ್ಲಿ ನರಗುಂದವು ಮುತ್ತಿಗೆಗೆ ಸಿಕ್ಕಿ ಬಿದ್ದಿತು. ಮರುವರ್ಷ ಮರಾಠರೂ ನಿಜಾಮನೂ ಟಿಪ್ಪುವಿನ ಮೇಲೆ ಯುದ್ಧ ಹೂಡಿದರು. ಎರಡೂ ಪಕ್ಷಗಳು ಬಳಲಿದ ಮೇಲೆ 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು. ಬಾದಾಮಿ, ನರಗುಂದ, ಕಿತ್ತೂರುಗಳು ಮರಾಠರಿಗೆ ದೊರೆತವು. ಇಲ್ಲಿ ಬುದ್ಧಿಯು ಕ್ರೋಧವನ್ನು ತಡೆಯಿತು, ನಿಜ. ಆದರೆ ಆ ಬುದ್ಧಿ ಹುಟ್ಟಿದ್ದು ಆಯಾಸದಿಂದ, ಸದ್ಭಾವದಿಂದಲ್ಲ. ಆದುದರಿಂದಲೇ 1790ರಲ್ಲಿ ಮರಾಠರೂ ನಿಜಾಮನೂ ಇಂಗ್ಲಿಷರೊಡಗೂಡಿ ಮತ್ತೆ ಟಿಪ್ಪುವಿನ ಮೇಲೆ ನಡೆದರು.

ಎರಡನೆಯ ನಿದರ್ಶನ ಇನ್ನೂ ಕರುಣಾಜನಕವಾದುದು. ನರಗುಂದದ ಕಡೆಯ ಅಧಿಪತಿ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಸಾವಿರಾರು ಗ್ರಂಥಗಳನ್ನು ಸಂಗ್ರಹಿಸಿದ್ದ ವಿದ್ಯಾಪ್ರಿಯ. ಗಂಡುಸಂತಾನವಿಲ್ಲದ ಆತನು ದತ್ತು ಸ್ವೀಕಾರಕ್ಕೆ ಅನುಮತಿ ಬೇಡಿದನು. ವಂಶ ಉಳಿಯಬೇಕೆಂಬ ಆಸೆ ಪ್ರಕೃತಿಸಹಜವಾದುದು. ಧರ್ಮಶಾಸ್ತ್ರವೂ ಅದನ್ನು ದತ್ತಕದ ಮೂಲಕ ಮನ್ನಿಸಿದೆ. ಕಂಪನಿ ಸರಕಾರ ಅನುಮತಿಯನ್ನು ನಿರಾಕರಿಸಿತು. ಆ ನಿರಾಕರಣೆಗೂ ನಿಯಮವಿತ್ತು, ತರ್ಕವಿತ್ತು, ಇಲ್ಲದಿದ್ದುದು ನ್ಯಾಯಬುದ್ಧಿ. ಲೋಭವು ಕಾಯಿದೆಯ ಭಾಷೆಯಲ್ಲಿ ಮಾತನಾಡಿತ್ತು.

1858ರ ಮೇ 29ರ ರಾತ್ರಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಬಿಡಾರ ಮಾಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಬಾಬಾಸಾಹೇಬನ ಕಡೆಯವರು ಕೊಂದರು. ಅವನ ರುಂಡ ನರಗುಂದದ ಅಗಸೆ ಬಾಗಿಲಿಗೆ ಏರಿತು. ಮುಂದಿನದೆಲ್ಲ ಎರಡು ವಾರದ ಕಥೆ. ಜೂನ್ ಮೊದಲಲ್ಲೇ ಊರೂ ಕೋಟೆಯೂ ಇಂಗ್ಲಿಷರ ವಶವಾದವು. ಬಾಬಾಸಾಹೇಬನು ಸೆರೆಸಿಕ್ಕು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಆತನ ತಾಯಿಯೂ ಪತ್ನಿಯೂ ಮಲಪ್ರಭೆಯ ಪಾಲಾದರು. ಯಾವ ವಂಶ ಉಳಿಯಲೆಂದು ಆಸೆಪಟ್ಟನೋ ಆ ಮನೆಯೇ ಬರಿದಾಯಿತು.

ನಾಡು ಬಾಬಾಸಾಹೇಬನನ್ನು ವೀರನೆಂದು ಸ್ಮರಿಸುತ್ತದೆ; ಆ ಸ್ಮರಣೆ ಅನುಚಿತವಲ್ಲ. ಅನ್ಯಾಯವನ್ನು ಕಂಡು ಕೆರಳದ ಮನಸ್ಸು ಶಾಂತವಲ್ಲ, ಜಡ. ಆದರೆ ಕ್ರೋಧದ ಕಾರಣ ನ್ಯಾಯವಾದ ಮಾತ್ರಕ್ಕೆ ಅದರ ಕೃತಿಯೆಲ್ಲ ನ್ಯಾಯವಾಗದು. ಸಾವಿರಾರು ಗ್ರಂಥಗಳ ನಡುವೆ ಬಾಳಿದವನಿಗೂ ಆ ರಾತ್ರಿ ವಿದ್ಯೆ ನೆರವಾಗಲಿಲ್ಲವೆಂಬುದು ವಿಚಾರವಂತರನ್ನು ಕಾಡಬೇಕಾದ ಸಂಗತಿ.

ಇದಕ್ಕಿಂತ ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಾಲ್ಕೇ ವರ್ಷಗಳ ತರುವಾಯ, 1862ರಲ್ಲಿ, ಗವರ್ನರ್ ಜನರಲ್ ಕ್ಯಾನಿಂಗನು ದೇಶೀಯ ಅರಸರಿಗೆ ದತ್ತು ಸ್ವೀಕಾರದ ಹಕ್ಕನ್ನು ಸನದುಗಳ ಮೂಲಕ ಮಾನ್ಯ ಮಾಡಿದನು. ನರಗುಂದಕ್ಕೆ ಇಲ್ಲವೆಂದುದೇ ಉಳಿದವರಿಗೆ ಸಲ್ಲಿತು. ಬಾಬಾಸಾಹೇಬನ ಬೇಡಿಕೆಯಲ್ಲಿ ಅವಿವೇಕವಿರಲಿಲ್ಲವೆಂಬುದನ್ನು ಅದನ್ನು ತಳ್ಳಿಹಾಕಿದ ಪ್ರಭುತ್ವವೇ ಹೀಗೆ ಒಪ್ಪಿಕೊಂಡಂತಾಯಿತು. ಆದರೆ ನರಗುಂದದ ಪಾಲಿಗೆ ಆ ಅರಿವು ತಡವಾಗಿ ಬಂದಿತು.

ಬುದ್ಧಿಯಿಲ್ಲದ ಪ್ರವೃತ್ತಿ ಕುರುಡು. ಧರ್ಮವಿಲ್ಲದ ಬುದ್ಧಿ ಕ್ರೂರ. ಮೊದಲನೆಯದಕ್ಕೆ ನರಗುಂದದ ಅಗಸೆ ಸಾಕ್ಷಿ. ಎರಡನೆಯದಕ್ಕೆ ಆ ಅಗಸೆಯವರೆಗೆ ಒಬ್ಬ ವಿದ್ಯಾವಂತನನ್ನು ದೂಡಿದ ಕಾಯಿದೆಯೇ ಸಾಕ್ಷಿ. ಇವೆರಡನ್ನೂ ಒಟ್ಟಿಗೆ ತೂಗಿ ನೋಡಿದವನಿಗೆ ಮಾತ್ರ ಸದ್ಗುಣದ ಬೆಲೆ ತಿಳಿದೀತು.